ದೇವಯ್ಯ ಮಾಷರ ಒಂದು ಶಬ್ದ

ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ದೇವಯ್ಯ ಮಾಷರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಗಡಿಯ ಕಾಡಂಚಿನ ಕಾಟ್ಟಿಕುಳಂನಿಂದ ಬಾವಲಿಯ ಕಡೆಗೆ ಹೋಗುವ ದಾರಿಯಲ್ಲಿ ಎದುರಾದ ಮರ, ಬೇಲಿಗೂಟ, ಕಡಿದು ಬಿಸುಟ ಕೊಂಬೆ, ಯಾವುದನ್ನೂ ಅವರು ತೊಗಟೆ ಗೀರಿ ನೋಡದೆ ದಾಟಿದವರಲ್ಲ. ಒಂದು ಕಾಲು ಮುಂದಿಟ್ಟು, ಇನ್ನೊಂದನ್ನು ಎತ್ತಲೋ ಬೇಡವೋ ಎಂಬಂತೆ ನಿಂತು, ಬಗ್ಗಿ ಗೀರಿ, ಒಳಗೆ ಹಸಿರು ಕಂಡರೆ ‘ಹೂಂ’ ಎಂದು ಸಾಗುವರು, ಕಾಣದಿದ್ದರೆ ಮಾತಿಲ್ಲ. ಆ ಮೌನಕ್ಕೆ ಊರು ಹೆದರುತ್ತಿತ್ತು. ಅವರು ಬರುವುದು ಕಂಡರೆ ಬಾಣಂತಿಯರು ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಿದ್ದರು.

ಇದಕ್ಕೆಲ್ಲ ಮೂಲ ಒಂದು ಇಂಗ್ಲಿಷ್ ಶಬ್ದ. ಬಿಳಿಯ ದೊರೆಯೊಬ್ಬ ಬಿಟ್ಟುಹೋದ, ಗೆದ್ದಲು ಅರ್ಧ ತಿಂದ ನಿಘಂಟಿನಲ್ಲಿ ‘ಕ್ವಿಕ್’ ಎಂಬುದರ ಪುಟ ಹೊಕ್ಕವರು ಹೊರಗೆ ಬರಲೇ ಇಲ್ಲ. ಬೇಗ ಎಂಬುದು ಅದರ ಈಚಿನ ಅರ್ಥ. ಹಳೆಯದು, ಜೀವವಿರುವ ಎಂದು. ನಮ್ಮ ‘ಜೀವ’ಕ್ಕೂ ಅದಕ್ಕೂ ಬೇರು ಒಂದೇ. ಬಸಿರಿನಲ್ಲಿ ಕೂಸು ಮೊದಲು ಮಿಸುಕುವುದಕ್ಕೂ, ಓಡಾಡುವ ಬೆಳ್ಳಿಯಾದ ಪಾದರಸಕ್ಕೂ, ಆಳನ್ನು ನುಂಗುವ ಮರಳಿಗೂ, ನೆಟ್ಟ ಗೂಟಗಳೇ ಚಿಗುರುವ ಬೇಲಿಗೂ, ಉಗುರಿನಡಿಯ ನೋಯುವ ಮಾಂಸಕ್ಕೂ ಅದೇ ಹೆಸರು.

“ಮಕ್ಕಳಿಗೆ ಬೇಗ ಅಂತ ಬರೆಸಿದ್ರೆ ಸಾಕಲ್ವಾ ಮಾಷೆ?” ಎಂದು ಶಾಲೆಯ ಶಾರದ ಟೀಚರ್ ಕೆಣಕುವರು.

“ಬೇಗ ಅನ್ನೋದು ಮೊಮ್ಮಗ, ಟೀಚರೇ. ಅಜ್ಜ ಇನ್ನೂ ಒಳಗೆ ಮಲಗವ್ನೆ.”

ಎಪ್ಪತ್ತರ ಆಸುಪಾಸಿನ ವರ್ಷಗಳು. ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಪೊಲೀಸರು. ಜೀತ ಬಿಟ್ಟ ಅಡಿಯ ಬುಡಕಟ್ಟಿನವರು ಊರ ಜಮೀನ್ದಾರನ ಗದ್ದೆಯಂಚಿನಲ್ಲಿ ಗುಡಿಸಲು ಹಾಕಿದ್ದರು. ಒಂದು ಬೆಳಿಗ್ಗೆ ಮಂಜಿನಲ್ಲಿ, ಅವರಲ್ಲೊಬ್ಬನಾದ ಕೇತನ್ ಹಾಲುವಾಣದ ಬೇಲಿಯಡಿ ಬಿದ್ದಿದ್ದ. ಜಮೀನ್ದಾರನ ಆಳುಗಳು ಬಡಿದು ಹಾಕಿದ್ದರು. ಮೈ ತಣ್ಣಗಿತ್ತು, ಉಸಿರು ಕಾಣಲಿಲ್ಲ. ತಾಯಿ ವೆಳ್ಳಚ್ಚಿ ಪಕ್ಕದಲ್ಲಿ ಕುಳಿತು, ಮಗನ ಹೆಸರು ಹಿಡಿದು, ಸತ್ತವರಿಗೆ ದಾರಿ ಹೇಳುವ ಹಾಡನ್ನು ಹಾಡಿ ಮುಗಿಸಿದ್ದಳು. ಮಹಜರು ಬರೆಯಲು ಪೊಲೀಸರು ಮಾಷರನ್ನು ಕರೆಸಿದರು.

“ನಕ್ಸಲನ ಶವ ಅಂತ ಬರೀರಿ,” ಎಂದ ಹೆಡ್ ಕಾನ್‌ಸ್ಟೆಬಲ್ ಅಚ್ಯುತನ್. “ಬಿಸಿಲೇರೋದ್ರೊಳಗೆ ಹೂಳ್ಬೇಕು.”

ಮಾಷರು ಕಾಗದ ಕೆಳಗಿಟ್ಟು, ಕೇತನ್‌ನ ಬೆರಳು ಹಿಡಿದು, ಉಗುರನ್ನು ಒತ್ತಿದರು. ಬಿಳಿಚಿತು. ಬಿಟ್ಟರು. ಬಿಳಿಯಾಗಿಯೇ ಇತ್ತು. ನೆರೆದವರೆಲ್ಲ ಒಂದು ಉಗುರನ್ನು ನೋಡುತ್ತಿದ್ದರು. ಆಗ ಅದರಡಿಯಲ್ಲಿ, ಬಹಳ ದೂರದಿಂದ ನಡೆದು ಬಂದಂತೆ, ಒಂದು ಕೆಂಪು ತೆವಳುತ್ತ ಬಂತು.

“ಬದುಕವ್ನೆ,” ಎಂದರು ಮಾಷರು.

“ಎಂತದು ಮಾಷೆ, ಹೆಣಕ್ಕೂ ಪಾಠ ಹೇಳ್ತೀರಾ?”

“ನೀವೇ ಒತ್ತಿ ನೋಡಿ. ಆಮೇಲೂ ಸತ್ತ ಅಂತ ಬೇಕಿದ್ರೆ ನಿಮ್ಮ ಕೈಲೇ ಬರ್ಕೊಳ್ಳಿ. ನಾನು ಬರಿಯಲ್ಲ.”

ಅಚ್ಯುತನ್ ಒತ್ತಿದ; ಸುಟ್ಟುಕೊಂಡವನಂತೆ ಕೈ ಎಳೆದುಕೊಂಡ. ಪೊಲೀಸರ ಜೀಪು ಮಾನಂತವಾಡಿಯ ಆಸ್ಪತ್ರೆಗೆ ಓಡಿತು. ದಾರಿಯುದ್ದಕ್ಕೂ ಮಾಷರು ಆ ಬೆರಳು ಬಿಡಲಿಲ್ಲ.

ಕೇತನ್ ಬದುಕಿದ. ಮಳೆಗಾಲ ಕಳೆದು ಗುಡಿಸಲಿಗೆ ಮರಳಿದ. ಮಾಷರು ನೋಡಹೋದಾಗ ಅವನು ಅಂಗಳದಂಚಿನಲ್ಲಿ ಕುಳಿತಿದ್ದ. ವೆಳ್ಳಚ್ಚಿ ಗಂಜಿಯ ಬಟ್ಟಲನ್ನು ಅವನ ಕಡೆ ತಳ್ಳಿದಳು, ಕರೆಯಲಿಲ್ಲ.

“ಹೆಸರು ಹಿಡ್ದು ಕರೆಯಲ್ವಾ ವೆಳ್ಳಚ್ಚಿ?”

“ಆ ಹೆಸ್ರನ್ನ ಹಾಡಿ ಕಳ್ಸಿಬುಟ್ಟೆ ಮಾಷೆ. ಅದು ಸತ್ತೋರ ಹತ್ರ ಹೋಗಿ ಸೇರ್ಕೊಂಡದೆ. ಇವ್ನು ಉಳ್ಕೊಂಡವ್ನು.” ಬಟ್ಟಲನ್ನು ಇನ್ನೊಂದಿಷ್ಟು ತಳ್ಳಿ ಕೇಳಿದಳು: “ಇವ್ನ ಏನಂತ ಕರೀಬೇಕು, ನೀವೇ ಹೇಳಿ.”

ಮಾಷರು ಬಗ್ಗಿ ಅವನ ಉಗುರನ್ನು ಒತ್ತಿ ಬಿಟ್ಟರು. ಕೆಂಪು ಕೂಡಲೇ ಬಂತು, ಶಬ್ದ ಬರಲಿಲ್ಲ.

ಒಂದನ್ನೇ ಕೊನೆಯವರೆಗೂ ತಿಳಿಯಬೇಕೆಂದು ಹಟ ಹಿಡಿದವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ನಾವು ನಕ್ಕು ದಾಟುತ್ತೇವೆ. ಅಂಥವರ ನಿಧಾನವೇ ಒಂದು ದಿನ ಒಬ್ಬನನ್ನು ಮಣ್ಣಿನಿಂದ ಈಚೆಗೆ ಹಿಡಿದಿಡುತ್ತದೆ. ಆದರೆ ಜೀವವಿದೆ ಎಂದು ಹೇಳುವಲ್ಲಿಗೆ ಅವರ ವಿದ್ಯೆ ಮುಗಿಯುತ್ತದೆ. ಆ ಜೀವವನ್ನು ಬಾಗಿಲೊಳಗೆ ಕರೆದುಕೊಳ್ಳುವ ಮಾತನ್ನು ಹೆತ್ತವಳೇ ಹುಡುಕಿಕೊಳ್ಳಬೇಕು.