ತಮ್ಮನಿಗೆ ನಾಟಿದ ಸೂಜಿ

ನನ್ನ ತಮ್ಮ ಬೀದಿನಾಯಿ ಹಿಡಿಯುವ ವ್ಯಾನಿನಲ್ಲಿ ಕೆಲಸಕ್ಕಿದ್ದ. ಬಲೆ ಬೀಸಿ ನಾಯಿ ಹಿಡಿಯುವುದು, ಹುಚ್ಚುನಾಯಿ ರೋಗ ಬಾರದಂತೆ ಲಸಿಕೆ ಚುಚ್ಚುವುದು, ಗುರುತಿಗೆ ಬೆನ್ನ ಮೇಲೆ ಬಣ್ಣ ಬಳಿದು ಬಿಟ್ಟುಬಿಡುವುದು. ಮನೆಯಲ್ಲಿ ಒಂದು ಹಲ್ಲಿ ಓಡಿಸಲು ಹೆದರುತ್ತಿದ್ದ ಪುಣ್ಯಾತ್ಮ, ಅಲ್ಲಿ ಮಾತ್ರ ಮಹಾ ಧೀರ.

ಒಂದು ದಿನ ಒದ್ದಾಡುತ್ತಿದ್ದ ನಾಯಿಗೆ ಚುಚ್ಚಲು ಹೋಗಿ ಸೂಜಿ ಇವನದೇ ಹೆಬ್ಬೆರಳಿಗೆ ನಾಟಿತು. ಒಂದಿಷ್ಟು ಮದ್ದೂ ಒಳಗೆ ಹೋಯಿತು. ವ್ಯಾನಿನವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ನಿನಗೂ ಲಸಿಕೆ ಆಯ್ತು, ಇನ್ನು ಬೆನ್ನಿಗೆ ಬಣ್ಣ ಬಳಿಯುವುದೊಂದೇ ಬಾಕಿ ಎಂದರಂತೆ. ಅವರಿಗದು ತಮಾಷೆ. ನಮ್ಮ ಮಹಾರಾಯ ಅದನ್ನೇ ನಂಬಿಬಿಟ್ಟ. ಮುಂದೆ ಕೆಲಸದವರಿಗೆಲ್ಲ ಲಸಿಕೆ ಹಾಕಲು ನರ್ಸ್ ಬಂದಾಗ, ತನಗಾಗಲೇ ಆಗಿದೆ ಎಂದು ಹೇಳಿ ಟೀ ಕುಡಿಯಲು ಹೋದನಂತೆ. ನಾಯಿ ಮದ್ದು ನಾಯಿಗೆ, ಮನುಷ್ಯರದೇ ಬೇರೆ ಎಂದು ನಾನು ಬಾಯಿ ಬಡಿದುಕೊಂಡೆ. ಕೇಳಿದನೇ? ಊಹೂಂ.

ಆಮೇಲೊಂದು ದಿನ ನಾಯಿಮರಿಯೊಂದು ಅವನ ಕೈ ಕಚ್ಚಿತು. ಮರಿ ತಾನೇ, ಲಸಿಕೆ ಬೇರೆ ಆಗಿದೆ ಎಂದು ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಗಾಯ ಒಣಗಿ ಮರೆತೇಹೋದ ಮೇಲೆ ಆ ಜಾಗ ಜುಮ್ಮೆನ್ನತೊಡಗಿತು. ಜ್ವರ ಬಂತು. ನೀರಿನ ಲೋಟ ತುಟಿಗಿಟ್ಟರೆ ಗಂಟಲು ಹಿಡಿದುಕೊಂಡು ಮೈಯೆಲ್ಲ ನಡುಗಿತು.

ಈಗ ಅವನನ್ನು ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಇಟ್ಟಿದ್ದಾರೆ. ಗಾಳಿ ತಗುಲಿದರೂ ಬೆಚ್ಚಿಬೀಳುತ್ತಾನೆಂದು ಫ್ಯಾನ್ ಆರಿಸಿದ್ದಾರೆ. ಕಚ್ಚಿದ ತಕ್ಷಣ ಬಂದಿದ್ದರೆ ಉಳಿಸಬಹುದಿತ್ತು, ಈಗ ನಮ್ಮ ಕೈಲಿ ಏನೂ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಗೋಡೆಗೊರಗಿ ಕುಳಿತು ಅತ್ತೆ.

ಮುಖ ತೊಳೆದು ಒಳಗೆ ಹೋದೆ. ಅವನಿಗೆ ಪೂರ್ತಿ ಎಚ್ಚರವಿತ್ತು, ಅದೇ ದೊಡ್ಡ ಸಂಕಟ.

“ಅಕ್ಕಾ, ನಂಗೆ ಲಸಿಕೆ ಆಗಿದೆ ಅಂತ ಡಾಕ್ಟ್ರಿಗೆ ಹೇಳಿದ್ಯಾ? ಅವ್ರಿಗೆ ಗೊತ್ತಿಲ್ಲ ಅನ್ಸುತ್ತೆ.”

ಅವನು ಮಾತು ಕಲಿತಾಗಿನಿಂದ ಅವನ ಒಂದು ಮಾತಿಗೂ ಸುಮ್ಮನೆ ಹೂಂಗುಟ್ಟಿದವಳಲ್ಲ ನಾನು. ಅವನ ಜೊತೆ ವಾದ ಮಾಡದೆ ನನಗೆ ಊಟ ಸೇರುತ್ತಿರಲಿಲ್ಲ.

“ಹೇಳಿದೀನಿ ಕಣೋ. ಅದು ಕೆಲಸ ಮಾಡ್ತಾ ಇದೆಯಂತೆ.”

ಬಿಗಿದಿದ್ದ ಅವನ ಮುಖ ಸಡಿಲವಾಯಿತು.

“ಸದ್ಯ, ಬದುಕಿದೆ,” ಎಂದ.