ಕುದಿಸಿ ತಂದ ನೀರು

"ನೀ ಯಾವೂರಾಂವಪಾ, ಇಲ್ಲಿ ಹ್ಯಾಂಗ ಬಂದಿ?"

ಮಧುಮತಿಯ ಪ್ರಶ್ನೆ ಕಂಪ್ಯೂಟರಿನ ಪರದೆಯ ಮೇಲೆ ಹೊಳೆಯುತ್ತಿದ್ದ ಒಂದು ಚುಕ್ಕಿಗೆ. ಜಯನಗರದ ಆ ಪುಟ್ಟ ಲ್ಯಾಬಿನಲ್ಲಿ ಅವಳ ಹೊರತು ಬೇರೆ ಯಾರೂ ಇರಲಿಲ್ಲ.

ಬೆರಳುದ್ದದ ಗಾಜಿನ ಪಟ್ಟಿ. ಅದರ ಮೇಲೆ ರಂಗೋಲಿಗೆ ಇಟ್ಟ ಹಾಗೆ ಸಾಲು ಸಾಲು ಚುಕ್ಕಿಗಳು; ಒಂದೊಂದರಲ್ಲೂ ಒಂದೊಂದು ರೋಗಾಣುವಿನ ಡಿಎನ್‌ಎ ತುಣುಕು. ನೀರಿನಲ್ಲಿ ಸಿಕ್ಕ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ, ಬಣ್ಣ ಹಚ್ಚಿ ಮೇಲೆ ಹರಿಸಿದರೆ, ತನ್ನ ಜೋಡಿ ಸಿಕ್ಕಲ್ಲಿ ಅಂಟಿಕೊಂಡು ಬೆಳಗುತ್ತದೆ. ಲೋಟ ನೀರಿನಲ್ಲಿ ಬೆರಳೆಣಿಕೆಯಷ್ಟು ಇದ್ದರೂ ಬಿಡುವುದಿಲ್ಲ. ಈಗ ಬೆಳಗಿದ್ದು ಆಮಶಂಕೆ ತರುವ ರೋಗಾಣುವಿನ ಚುಕ್ಕಿ. ಆದರೆ ಅದೇ ನೀರು ಹಾಕಿ ಎರಡು ದಿನ ಬೆಚ್ಚಗಿಟ್ಟಿದ್ದ, ರೋಗಾಣು ಬೆಳೆಸುವ ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ.

ನೀರು ಕುಮಾರಸ್ವಾಮಿ ಲೇಔಟಿನ ಒಂದು ಪ್ರಾರ್ಥನಾ ಮಂದಿರದ್ದು. ಅಲ್ಲಿ ಭಾನುವಾರ ವಚನ ಪಠಣ ಮುಗಿದ ಮೇಲೆ ದಾಸೋಹ; ಅಡುಗೆಮನೆ ಸಿದ್ದಗಂಗಮ್ಮನ ಕೈಯಲ್ಲಿ. ಹೋದ ತಿಂಗಳು ಮಜ್ಜಿಗೆ ಕುಡಿದ ಆರು ಜನರ ಹೊಟ್ಟೆ ಕೆಟ್ಟಿತ್ತು. ಪಕ್ಕದ ಮನೆಯ ಸೊಣ್ಣಮ್ಮ ದೂರು ಕೊಟ್ಟರು. ನೀರು ಶುದ್ಧವೆಂಬ ರಿಪೋರ್ಟ್ ಬರುವ ತನಕ ಒಲೆ ಹಚ್ಚಬಾರದು ಎಂದು ಬಡಾವಣೆಯ ಸಂಘ ಹೇಳಿಬಿಟ್ಟಿತು. ಇಪ್ಪತ್ತೆರಡು ವರ್ಷ ಭಾನುವಾರ ತಪ್ಪದ ಒಲೆ ಈಗ ತಣ್ಣಗಿತ್ತು.

ಮಧುಮತಿ ಫೋನ್ ಮಾಡಿ, ನೀರಿಗೆ ಏನಾದರೂ ಮಾಡಿದ್ದಿರಾ ಎಂದು ವಿಚಾರಿಸಿದಳು. ಸಿದ್ದಗಂಗಮ್ಮನ ದನಿಯಲ್ಲಿ ಹೆಮ್ಮೆಯಿತ್ತು.

"ಬೇರೆಯವರ ಕೈಗೆ ಹಸಿ ನೀರು ಕೊಡೋದುಂಟೇನಮ್ಮ? ಸೋಸಿ, ಚೆನ್ನಾಗಿ ಕುದಿಸಿ, ಆರಿಸಿ ತಂದಿದ್ದೆ. ಏಲಕ್ಕಿ ಒಂದು ಹಾಕಿರಲಿಲ್ಲ, ಅಷ್ಟೆ."

ಮಧುಮತಿಗೆ ನಗು ತಡೆಯಲಾಗಲಿಲ್ಲ. ಕುದಿಸಿದ್ದಕ್ಕೆ ರೋಗಾಣು ಸತ್ತಿವೆ, ಅದಕ್ಕೇ ತಟ್ಟೆ ಖಾಲಿ. ಆದರೆ ಸತ್ತವುಗಳ ಡಿಎನ್‌ಎ ನೀರಲ್ಲೇ ಉಳಿದಿದೆ, ಗಾಜು ಅದನ್ನೂ ಹಿಡಿಯುತ್ತದೆ ಎಂದು ಬಿಡಿಸಿ ಹೇಳಿದಳು.

"ಹಾಗಾದ್ರೆ ನಿಮ್ಮ ಗಾಜಿನ ಮುಂದೆ ಸುಳ್ಳು ನಡೆಯಲ್ಲ ಬಿಡಿ," ಎಂದರು ಸಿದ್ದಗಂಗಮ್ಮ.

ಮರುದಿನ ಮಧುಮತಿ ತಾನೇ ಹೋಗಿ ಬೀದಿಯ ಕೊಳವೆಯ ನಲ್ಲಿಯಿಂದ ಒಂದು ಬಾಟಲಿ, ಆ ನೀರು ತುಂಬಿಡುವ ನೆಲದಡಿಯ ಸಂಪಿನಿಂದ ಒಂದು ಬಾಟಲಿ ಹಸಿ ನೀರು ತುಂಬಿಕೊಂಡು ಬಂದಳು. ನಲ್ಲಿಯದು ಚೊಕ್ಕ. ಸಂಪಿನ ನೀರಿಗೆ ಅದೇ ಚುಕ್ಕಿ ಬೆಳಗಿತು, ತಟ್ಟೆಯಲ್ಲೂ ರೋಗಾಣು ಬೆಳೆದವು. ಚರಂಡಿಯ ಬದಿಗಿದ್ದ ಸಂಪಿನ ಗೋಡೆ ಬಿರುಕು ಬಿಟ್ಟಿತ್ತು. ಪ್ಲಂಬರ್ ಬೈರಣ್ಣ ಸಂಪು ಬರಿದು ಮಾಡಿ, ಉಜ್ಜಿ, ಗಾರೆ ಮೆತ್ತಿದ. ಹತ್ತು ದಿನದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಒಂದು ಚುಕ್ಕಿಯೂ ಹೊಳೆಯಲಿಲ್ಲ.

ಮೂರೂ ಪರೀಕ್ಷೆಗಳ ರಿಪೋರ್ಟ್ ಒಯ್ಯಲು ಸಿದ್ದಗಂಗಮ್ಮನ ಜೊತೆ ಮಂದಿರದ ಅಧ್ಯಕ್ಷ ಜಯದೇವಪ್ಪನೂ ಬಂದಿದ್ದರು. ಭಾನುವಾರ ಊಟಕ್ಕೆ ಬರಲೇಬೇಕು, ನಿಮಗೋಸ್ಕರ ಜೋಳದ ರೊಟ್ಟಿ ತಟ್ಟುತ್ತೇನೆ, ಒರಟಾದರೆ ಬೈಯಬೇಡಿ ಎಂದು ಸಿದ್ದಗಂಗಮ್ಮ ಮಧುಮತಿಯ ಕೈ ಹಿಡಿದುಕೊಂಡರು. ಜಯದೇವಪ್ಪ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. ಸಂಘಕ್ಕೆ ಈ ಕೊನೆಯದೊಂದೇ ಸಾಕು, ಹಳೆಯವೆರಡನ್ನು ನೋಡಿದರೆ ಸೊಣ್ಣಮ್ಮ ಮತ್ತೆ ಒಲೆ ಹಚ್ಚಲು ಬಿಡುವುದಿಲ್ಲ, ಅವನ್ನು ನನ್ನ ಕೈಗೆ ಕೊಟ್ಟುಬಿಡಿ ಎಂದು ಕೇಳಿದರು.

ಸಿದ್ದಗಂಗಮ್ಮ ಮೂರನ್ನೂ ಒಟ್ಟಿಗೆ ಮಡಚಿ ಚೀಲಕ್ಕೆ ಹಾಕಿಕೊಂಡರು.

"ಕೊಡಲ್ಲ, ಜಯದೇವಪ್ಪನೋರೆ. ಅದೇ ಚರಂಡಿ ಪಕ್ಕ ಸೊಣ್ಣಮ್ಮನ ಸಂಪೂ ಇದೆ."