ಇದು ಖಾರದ ಉರಿಯಲ್ಲ

ಬಂತು, ಮತ್ತೆ ಬಂತು, ಎದೆಯಿಂದ ಎದ್ದು ಕುತ್ತಿಗೆ, ಕಿವಿ, ನೆತ್ತಿ — ಯಾ ಅಲ್ಲಾ, ಬೆನ್ನ ತುಂಬ ಬೆವರು, ಕುಪ್ಪಸ ಅಂಟಿಕೊಂಡಿತು, ಕೈ ಮಾತ್ರ ನಿಂತಿಲ್ಲ, ಕೆಂಪನೆಯದು ಈ ಕಡೆ, ಬಿಳಿಚಿದ್ದು ಆ ಕಡೆ, ಇಪ್ಪತ್ತೆರಡು ವರ್ಷದಿಂದ ಬ್ಯಾಡಗಿಯ ಈ ಗೋದಾಮಿನಲ್ಲಿ ಮೆಣಸಿನಕಾಯಿ ಆರಿಸುತ್ತಿರುವ ಕೈ, ಕಣ್ಣು ಮುಚ್ಚಿದರೂ ತಪ್ಪದು, ಒಂದು ಫ್ಯಾನಾದರೂ ಇದ್ದಿದ್ದರೆ, ಎಲ್ಲಿಯ ಫ್ಯಾನು, ಇಲ್ಲಿ ಗಾಳಿ ಬಿಟ್ಟರೆ ಘಾಟು ಎದ್ದು ಮೂವತ್ತು ಹೆಂಗಸರೂ ಸೀನಿ ಸೀನಿ ಸಾಯಬೇಕು, ಗೋಡೆಯಾಚೆ ಕೋಲ್ಡ್ ಸ್ಟೋರೇಜು, ಮೆಣಸಿನಕಾಯಿಗೆ ತಂಪು, ನಮಗೆ ಸೆಕೆ, ಭಲೇ ನ್ಯಾಯ! ಕುಲ್ಸುಮಕ್ಕಗ ಖಾರ ಹತ್ತೈತಿ, ಬೆಲ್ಲ ಕೊಡ್ರಿ — ಸೂಪರ್‌ವೈಸರ್ ಪ್ರವೀಣಕುಮಾರ ಹೋದ ವಾರ ಹೇಳಿದ್ದು, ಖಾರವಂತೆ, ನನಗೆ, ಇವನು ಚಡ್ಡಿ ಹಾಕಿಕೊಳ್ಳಲು ಕಲಿಯುವಾಗಲೇ ಈ ಘಾಟಿನಲ್ಲಿ ಕೂತು ರೊಟ್ಟಿ ತಿಂದವಳಿಗೆ, ಆದರೂ ಬೆಲ್ಲ ತಿಂದೆ, ಬಾಯಿ ಮುಚ್ಚಿಕೊಂಡು ತಿಂದೆ, ಏನಂತ ಹೇಳಲಿ, ರಾಣೆಬೆನ್ನೂರಿನ ಡಾಕ್ಟರಮ್ಮ ಹೇಳಿದ್ದಳಲ್ಲ, ಇದು ರೋಗ ಅಲ್ರಿ, ಮುಟ್ಟು ನಿಲ್ಲೂ ಕಾಲಕ್ಕ ಭಾಳ ಮಂದಿಗೆ ಹಿಂಗ — ಆ ಭಾಳ ಮಂದಿ ಎಲ್ಲಿದ್ದಾರೆ, ಯಾರೂ ಬಾಯಿ ಬಿಡಲೊಲ್ಲರು, ಈ ಪ್ರವೀಣಕುಮಾರನ ಹೆತ್ತವ್ವ ಫಕ್ಕೀರವ್ವ ನನ್ನ ಪಕ್ಕದಲ್ಲೇ ಕೂತು ಆರಿಸುತ್ತಾಳೆ, ಅವಳೂ ಗಪ್‌ಚುಪ್, ಮಗ ಒಳಗೆ ಬಂದರೆ ಸೆರಗೆಳೆದುಕೊಂಡು ತಲೆ ತಗ್ಗಿಸುತ್ತಾಳೆ, ಮನೆಯಲ್ಲಿ ಮಗ, ಇಲ್ಲಿ ಸಾಹೇಬ.

ಈಗ ಬಂದ, ನನ್ನ ಮುಂದೆಯೇ ನಿಂತ, ಕುಲ್ಸುಮಕ್ಕ, ನಿಮಗ ಇನ್ನ ಖಾರ ತಡಿಯಂಗಿಲ್ಲ, ನಾಳಿಂದ ಹೊರಗ ಅಂಗಳದ ಕಸಾ ಹೊಡೀರಿ — ಕಸವಾ, ನಾನಾ, ಈ ಕೈ ಕಸಬರಿಗೆ ಹಿಡಿಯಬೇಕಾ, ಉರಿ ನೆತ್ತಿಯಿಂದ ನಾಲಿಗೆಗೆ ಇಳಿಯಿತು, ಎದ್ದೆ, ಮಂಡಿ ಕಟಕ್ ಅಂದಿತು, ಅನ್ನಲಿ, ಇದು ಖಾರ ಅಲ್ಲೋ ತಮ್ಮಾ, ನನಗ ಮುಟ್ಟು ನಿಲ್ಲಾಕತ್ತೈತಿ — ಯಾರ ದನಿ ಇದು, ನನ್ನದೇ, ಅಬ್ಬಾ ಎಷ್ಟು ದೊಡ್ಡದು — ಮೈಯಾಗಿಂದ ಝಳ ಏಳ್ತೈತಿ, ಎದ್ದಾಗ ಐದು ನಿಮಿಷ ಕೋಲ್ಡ್ ಸ್ಟೋರೇಜಿನ ಬಾಗಿಲದಾಗ ನಿಂತು ಬರ್ತೇನಿ, ಆಮ್ಯಾಲೆ ನೋಡು ನನ್ನ ಕೆಲಸಾ. ಅವನ ಮುಖ ಕೆಂಪೇರಿತು, ಈಗ ಯಾರಿಗೆ ಹತ್ತಿತಪ್ಪಾ ಖಾರ, ನೆಲ ನೋಡಿದ, ಮೊಬೈಲ್ ನೋಡಿದ, ನಿಮ್ಮೊಬ್ರ ಸಲುವಾಗಿ ಹೆಂಗ ಬಿಡಾಕ ಬರ್ತೈತ್ರಿ, ಮತ್ತ ಯಾರಿಗೈತಿ ಹಿಂಗ? ಎಲ್ಲರ ಬಾಯಿಗೆ ಸೆರಗು, ಕಣ್ಣು ರಾಶಿಯ ಮೇಲೆ, ಮುಗೀತು, ಮಾನವೂ ಹೋಯಿತು ಜಾಗವೂ ಹೋಯಿತು ಅಂದುಕೊಳ್ಳುತ್ತಿರುವಾಗಲೇ ಪಕ್ಕದಲ್ಲಿ ಬಳೆ ಸದ್ದು, ಒಂದು ಕೈ ಎದ್ದಿತು, ಫಕ್ಕೀರವ್ವನದು, ನನಗೂ ಐತೋ ಯಪ್ಪಾ, ಎರಡು ವರ್ಷಾತು — ಯವ್ವಾ, ನನಗ್ಯಾಕ ಹೇಳಲಿಲ್ಲ? — ನೀ ಯಾವಾಗ ಕೇಳಿದಿ? ಮತ್ತೊಂದು ಕೈ, ಹಿಂದಿನ ಸಾಲಿನಲ್ಲಿ ನಾಲ್ಕು, ಯಾರೋ ಕಿಸಕ್ಕೆಂದರು, ಗೋದಾಮೆಲ್ಲ ನಗು, ಅವನೇ ಹೋಗಿ ಬಾಗಿಲು ತೆಗೆದ, ಬರ್ರಿ, ಪಾಳಿ ಮ್ಯಾಲೆ ಬರ್ರಿ, ಕುಲ್ಸುಮಕ್ಕ, ನಿಮ್ಮ ಜಾಗಾ ನಿಮಗ ಐತಿ — ತಂಪು ಮುಖಕ್ಕೆ ಹೊಡೆಯಿತು, ಗೆದ್ದೆ, ಖರೇನೇ ಗೆದ್ದೆ, ಕುಣಿಯಬೇಕು ಅನ್ನಿಸುತ್ತಿದೆ, ಆದರೆ ಕಣ್ಣೊಳಗೆ ಆ ಕೈ, ಹೆತ್ತ ಮಗನ ಎದುರು, ಅಷ್ಟು ಮಂದಿಯ ಎದುರು, ಬಗ್ಗಿದ ತಲೆಗಿಂತ ಎಷ್ಟೋ ಮೇಲೆ, ಬೆರಳ ತುದಿಯೆಲ್ಲ ಕೆಂಪು, ಇಳಿಯಲಿಲ್ಲ, ಆ ಕೈ, ಫಕ್ಕೀರವ್ವನ ಕೈ